ಹೊರೆಯ ಲೆಕ್ಕ

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು, ಕಾಗದ, ಸೀಸದಕಡ್ಡಿ, ದಾಳಗಳನ್ನು ಮುಂದಿಟ್ಟುಕೊಂಡು ಆಡುವ ಒಂದು ಬಗೆಯ ಆಟವು ಈಗ ನಮ್ಮ ಕಾಲೇಜು ವಿದ್ಯಾರ್ಥಿಗಳಲ್ಲಿಯೂ ಬಳಕೆಗೆ ಬಂದಿದೆ. ಪಗಡೆಯಂತೆ ಇದರಲ್ಲಿ ಕಾಯಿ ನಡೆಸುವುದು ಮುಖ್ಯವಲ್ಲ. ಆಡುವವರಲ್ಲಿ ಒಬ್ಬನು ಕಥೆಯನ್ನು ನಡೆಸುತ್ತಾನೆ. ಉಳಿದವರು ತಲೆಗೊಂದು ಪಾತ್ರವನ್ನು ವಹಿಸಿಕೊಂಡು, ಆ ಕಥೆಯೊಳಗಿನ ಪಾಳುಕೋಟೆಗಳಲ್ಲಿಯೂ ನೆಲಮಾಳಿಗೆಗಳಲ್ಲಿಯೂ ನಿಧಿಯನ್ನು ಹುಡುಕುತ್ತ ಸಂಚರಿಸುತ್ತಾರೆ. ಬಾಗಿಲು ಮುರಿಯಿತೆ, ಬಾಣ ತಾಗಿತೆ ಎಂಬುದನ್ನು ದಾಳವು ತೀರ್ಮಾನಿಸುತ್ತದೆ. ಈ ಜಾತಿಯ ಆಟಗಳಿಗೆಲ್ಲ ಮೂಲವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದನ್ನು ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನರು ರಚಿಸಿ ೧೯೭೪ರಲ್ಲಿ ಪ್ರಕಟಿಸಿದರು.

ಆಟದ ಕಥೆಯನ್ನು ಹೇಳುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಪ್ರತಿಯೊಬ್ಬ ಆಟಗಾರನ ಮುಂದೆ ಇರುವ ಹಾಳೆಯ ಒಂದು ಮೂಲೆಯನ್ನು ಮಾತ್ರ ವಾಚಕರಿಗೆ ತೋರಿಸಬೇಕೆಂದಿದ್ದೇವೆ. ಅಲ್ಲಿ ಆ ಪಾತ್ರವು ಹೊತ್ತಿರುವ ಸಾಮಾನುಗಳ ಪಟ್ಟಿ ಇರುತ್ತದೆ: ಕತ್ತಿ, ಕವಚ, ಹಗ್ಗ, ಪಂಜು, ನೀರಿನ ಚೀಲ, ಎಂಟು ದಿನದ ಬುತ್ತಿ, ಹತ್ತಡಿಯ ಕೋಲು, ಕೊನೆಗೆ ಸಿಕ್ಕಿದ ಚಿನ್ನ. ಇಷ್ಟನ್ನೂ ಒಬ್ಬನು ಹೊತ್ತು ನಡೆಯಬಲ್ಲನೆ? ನಡೆದರೆ ಎಷ್ಟು ನಿಧಾನವಾಗುತ್ತಾನೆ? ಇದಕ್ಕೆ ಆಟದಲ್ಲಿ ನಿಯಮಗಳುಂಟು. ಬಹುಪಾಲು ಆಟಗಾರರು ಈ ನಿಯಮಗಳನ್ನು ಬೇಸರದಿಂದ ಕೈಬಿಡುತ್ತಾರೆಂದು ಕೇಳಿದ್ದೇವೆ. ಭೌತವಿಜ್ಞಾನದ ವಿದ್ಯಾರ್ಥಿಗೆ ಮಾತ್ರ ಇಡೀ ಆಟದಲ್ಲಿ ಇದಕ್ಕಿಂತ ಸ್ವಾರಸ್ಯವಾದ ಭಾಗವು ಬೇರೊಂದಿಲ್ಲ. ಹೊರೆ ಹೊತ್ತ ಮನುಷ್ಯನನ್ನು ಅಂಕಿಗಳಿಂದ ವರ್ಣಿಸುವ ಪ್ರಯತ್ನ ಅದು.

ಮೊದಲನೆಯ ಆವೃತ್ತಿಯಲ್ಲಿ ತೂಕದ ಮಾನವು ಚಿನ್ನದ ನಾಣ್ಯವಾಗಿದ್ದಿತು. ಕತ್ತಿ ಇಷ್ಟು ನಾಣ್ಯದ ತೂಕ, ಕವಚ ಇಷ್ಟು ನಾಣ್ಯದ ತೂಕ ಎಂದು ಲೆಕ್ಕ. ಮುಂದೆ ಹತ್ತು ನಾಣ್ಯಕ್ಕೆ ಒಂದು ಪೌಂಡ್ ಎಂದು ಗೊತ್ತುಮಾಡಿದರು. ಹಾಗಾದರೆ ಒಂದು ನಾಣ್ಯ ೪೫ ಗ್ರಾಮ್ ಆಯಿತು; ನಮ್ಮ ಹತ್ತು ರೂಪಾಯಿಯ ಆರು ನಾಣ್ಯಗಳನ್ನು ಒಟ್ಟಿಗೆ ಹಿಡಿದಂತೆ. ಇಷ್ಟು ಭಾರವಾದ ನಾಣ್ಯವನ್ನು ಯಾವ ರಾಜನು ಸಂತೆಯ ವ್ಯವಹಾರಕ್ಕೆ ಟಂಕಿಸಿದನೋ ತಿಳಿಯದು. ಆದರೆ ನಾಣ್ಯದಿಂದ ತೂಗುವ ಪದ್ಧತಿ ನಮಗೆ ಹೊಸದಲ್ಲ. ಮೆಟ್ರಿಕ್ ಪದ್ಧತಿಗೆ ಮುಂಚೆ ನಮ್ಮಲ್ಲಿದ್ದ ತೊಲವು ಒಂದು ಬೆಳ್ಳಿ ರೂಪಾಯಿಯ ತೂಕವೇ, ಎಂದರೆ ೧೧.೬೬ ಗ್ರಾಮ್. ಎಂಬತ್ತು ತೊಲಕ್ಕೆ ಒಂದು ಪಕ್ಕಾ ಸೇರು.

ಈಗ ಬಳಕೆಯಲ್ಲಿರುವ ನಿಯಮವು ಸರಳವಾಗಿದೆ. ಪಾತ್ರದ ಬಲಕ್ಕೆ ಒಂದು ಅಂಕಿಯುಂಟು. ಸಾಧಾರಣ ಮನುಷ್ಯನಿಗೆ ಅದು ೧೦. ಆ ಅಂಕಿಯನ್ನು ೧೫ರಿಂದ ಗುಣಿಸಿದರೆ ಅವನು ಹೊರಬಹುದಾದ ಪೌಂಡುಗಳು ದೊರೆಯುತ್ತವೆ. ಸಾಧಾರಣನಿಗೆ ೧೫೦ ಪೌಂಡ್, ಎಂದರೆ ೬೮ ಕಿಲೋಗ್ರಾಮ್. ಅಲ್ಲಿಯವರೆಗೆ ಅವನ ನಡಿಗೆಗೆ ಯಾವ ಕುಂದೂ ಇಲ್ಲ! ಇದು ಅತಿಯಾಯಿತೆಂದು ತೋರಿದವರಿಗೆ ೨೦೧೪ರ ಆವೃತ್ತಿಯಲ್ಲಿ ಮತ್ತೊಂದು ಐಚ್ಛಿಕ ನಿಯಮವನ್ನು ಕೊಟ್ಟಿದ್ದಾರೆ. ಅದರಂತೆ ಹೊರೆಯು ೫೦ ಪೌಂಡನ್ನು (೨೨.೭ ಕಿಲೋಗ್ರಾಮ್) ಮೀರಿದರೆ ಆರು ಸೆಕೆಂಡಿಗೆ ೩೦ ಅಡಿ ನಡೆಯುತ್ತಿದ್ದವನು ೨೦ ಅಡಿಗೆ ಇಳಿಯುತ್ತಾನೆ, ೧೦೦ ಪೌಂಡನ್ನು (೪೫ ಕಿಲೋಗ್ರಾಮ್) ಮೀರಿದರೆ ೧೦ ಅಡಿಗೆ ಇಳಿಯುತ್ತಾನೆ.

ಇದು ಸರಿಯೆ? ಪರೀಕ್ಷಿಸಲು ಪಾಳುಕೋಟೆಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಉತ್ತರಭಾಗದಲ್ಲಿ ವಾಸಿಸುವ ವಾಚಕರು ಯಶವಂತಪುರದ ಕೃಷಿ ಉತ್ಪನ್ನ ಮಾರುಕಟ್ಟೆಯ ಅಂಗಳಕ್ಕೆ ಒಂದು ದಿನ ಬೆಳಿಗ್ಗೆ ಹೋಗಿ ನೋಡಬಹುದು. ಲಾರಿಯ ಪಕ್ಕದಲ್ಲಿ ಹಮಾಲಿಯು ಬೆನ್ನು ಬಾಗಿಸಿ ನಿಲ್ಲುತ್ತಾನೆ. ಮೇಲಿದ್ದವರು ಚೀಲವನ್ನು ಅವನ ಬೆನ್ನಿಗೂ ಕತ್ತಿಗೂ ಸೇರಿಸಿ ಇಡುತ್ತಾರೆ. ಅವನು ಸಣ್ಣ ಸಣ್ಣ ಹೆಜ್ಜೆಗಳನ್ನಿಡುತ್ತ, ಮೊಣಕಾಲನ್ನು ತುಸು ಮಡಿಸಿಯೇ, ಮಂಡಿಯೊಳಕ್ಕೆ ಹೋಗಿ ಚೀಲವನ್ನು ರಾಶಿಯ ಮೇಲೆ ಜಾರಿಸಿ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಚೀಲದ ಮೇಲೆ ಐವತ್ತು ಕಿಲೋಗ್ರಾಮ್ ಎಂದು ಬರೆದಿರುತ್ತದೆ. ಅವನ ದೇಹದ ತೂಕವೇ ಅರುವತ್ತು ಇದ್ದರೆ ಹೆಚ್ಚು.

ಇವನು ಮಾಡಿದ ಕೆಲಸವೆಷ್ಟು? ಪಿ.ಯು.ಸಿ. ತರಗತಿಯಲ್ಲಿ ಕಲಿತವರು ಕೂಡಲೇ ಉತ್ತರ ಹೇಳುತ್ತಾರೆ. ಕೆಲಸವೆಂದರೆ ಬಲ ಮತ್ತು ಬಲದ ದಿಕ್ಕಿನಲ್ಲಿ ಆದ ಚಲನೆ ಇವುಗಳ ಗುಣಲಬ್ಧ. ಚೀಲವನ್ನು ಎತ್ತಿಹಿಡಿದ ಬಲವು ಮೇಲ್ಮುಖವಾಗಿದೆ, ಚಲನೆಯು ಮಟ್ಟಸವಾಗಿದೆ, ಎರಡಕ್ಕೂ ನಡುವೆ ಸಮಕೋನ. ಆದುದರಿಂದ ಚೀಲದ ಮೇಲೆ ನಡೆದ ಕೆಲಸವು ಸೊನ್ನೆ. ಪ್ಲಾಟ್‌ಫಾರಮಿನ ಮೇಲೆ ಪೆಟ್ಟಿಗೆ ಹೊತ್ತು ನಡೆಯುವ ಕೂಲಿಯ ಉದಾಹರಣೆಯೊಂದಿಗೆ ಈ ಪ್ರಶ್ನೆಯು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಸೊನ್ನೆ ಎಂದು ಬರೆದವರಿಗೆ ಪೂರ್ಣಾಂಕವೂ ಸಿಕ್ಕುತ್ತದೆ. ಉತ್ತರದಲ್ಲಿ ತಪ್ಪಿಲ್ಲ. ಆದರೆ ಅದು ಚೀಲವನ್ನು ಕುರಿತ ಉತ್ತರ. ಮನುಷ್ಯನನ್ನು ಕುರಿತು ಅದು ಏನನ್ನೂ ಹೇಳುವುದಿಲ್ಲ. ಈ ಭೇದವನ್ನು ತಿಳಿಸದೆ ತರಗತಿಯಲ್ಲಿ ಮುಂದಿನ ಪಾಠಕ್ಕೆ ಹೋಗುವುದರಿಂದ, ಕೂಲಿಯ ಬೆವರಿಗೂ ಭೌತವಿಜ್ಞಾನಕ್ಕೂ ಸಂಬಂಧವಿಲ್ಲವೆಂಬ ಭಾವನೆಯು ಮಕ್ಕಳಲ್ಲಿ ಉಳಿದುಬಿಡುತ್ತದೆ. ಅದು ಉಳಿಯಬಾರದು.

ಒಂದು ಮೇಜಿನ ಮೇಲೆ ಐವತ್ತು ಕಿಲೋಗ್ರಾಮಿನ ಚೀಲವನ್ನಿಟ್ಟರೆ ಅದು ನೂರು ವರ್ಷವಾದರೂ ಹೊತ್ತು ನಿಂತಿರುತ್ತದೆ; ಅದಕ್ಕೆ ಊಟ ಬೇಕಾಗಿಲ್ಲ. ಮೇಜಿನ ಕಾಲಿನಲ್ಲಿರುವ ಅಣುಗಳು ಒಮ್ಮೆ ತುಸು ಒತ್ತಿಕೊಂಡರೆ ಆಯಿತು, ಹಾಗೆಯೇ ನಿಲ್ಲುತ್ತವೆ. ನಮ್ಮ ಸ್ನಾಯುವಿನ ರಚನೆ ಹಾಗಿಲ್ಲ. ಅದರೊಳಗೆ ಆಕ್ಟಿನ್, ಮಯೊಸಿನ್ ಎಂಬ ಎರಡು ಬಗೆಯ ಪ್ರೋಟೀನ್ ಎಳೆಗಳಿವೆ. ಮಯೊಸಿನ್ನಿನ ಕೊಕ್ಕೆಯಂತಹ ತುದಿಗಳು ಆಕ್ಟಿನ್ನನ್ನು ಹಿಡಿದು ಎಳೆಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಬಿಡುವಾಗಲೆಲ್ಲ ಎ.ಟಿ.ಪಿ. ಎಂಬ ಇಂಧನದ ಒಂದೊಂದು ಅಣುವು ಖರ್ಚಾಗುತ್ತದೆ. ಹೊರಗಿನಿಂದ ನೋಡಿದರೆ ತೋಳು ಅಲುಗಾಡುತ್ತಿಲ್ಲ. ಒಳಗೆ ಕೋಟ್ಯಂತರ ಕೊಕ್ಕೆಗಳು ಒಂದು ಬಿಟ್ಟಾಗ ಮತ್ತೊಂದು ಹಿಡಿದು ಹೊರೆಯನ್ನು ತಡೆದಿರುತ್ತವೆ. ಹಲವು ಮಂದಿ ಸೇರಿ ತೇರಿನ ಹಗ್ಗವನ್ನು ಜಗ್ಗಿ ಹಿಡಿದು ತೇರು ಇಳಿಜಾರಿನಲ್ಲಿ ಜಾರದಂತೆ ನಿಲ್ಲಿಸಿರುವುದನ್ನು ಕಲ್ಪಿಸಿಕೊಳ್ಳಬಹುದು. ತೇರು ಕದಲದಿದ್ದರೂ ಹಿಡಿದವರಿಗೆ ಉಸಿರು ಕಟ್ಟುತ್ತದೆ. ನಡೆಯುವಾಗ ಇದರ ಜೊತೆಗೆ ಮತ್ತೊಂದು ಖರ್ಚು ಸೇರುತ್ತದೆ. ಮಟ್ಟಸವಾದ ನೆಲದ ಮೇಲೆಯೂ ನಮ್ಮ ಗುರುತ್ವಕೇಂದ್ರವು ಪ್ರತಿ ಹೆಜ್ಜೆಗೂ ಕೆಲವು ಸೆಂಟಿಮೀಟರ್ ಏರಿ ಇಳಿಯುತ್ತದೆ. ಕಾಲನ್ನು ಊರಿದಾಗಲೆಲ್ಲ ವೇಗವು ಒಮ್ಮೆ ತಗ್ಗಿ ಮತ್ತೆ ಹೆಚ್ಚಬೇಕಾಗುತ್ತದೆ. ಹೊರೆ ಇದ್ದಾಗ ಅದನ್ನೂ ಏರಿಸಿ ಇಳಿಸಬೇಕು.

ಈ ಖರ್ಚನ್ನು ಅಳೆಯುವ ಕ್ರಮವು ಸುಲಭ: ಮನುಷ್ಯನು ಒಳಗೆಳೆದುಕೊಂಡ ಆಮ್ಲಜನಕವನ್ನು ಅಳೆದರೆ ಅವನು ಉರಿಸಿದ ಶಕ್ತಿ ಎಷ್ಟೆಂಬುದು ತಿಳಿಯುತ್ತದೆ. ಇಂತಹ ಅನೇಕ ಅಳತೆಗಳನ್ನು ಒಟ್ಟುಗೂಡಿಸಿ, ಅಮೆರಿಕದ ಸೈನ್ಯದ ಪ್ರಯೋಗಶಾಲೆಯಲ್ಲಿ ಪ್ಯಾಂಡಾಲ್ಫ್, ಗಿವೋನಿ, ಗೋಲ್ಡ್‌ಮನ್ ಎಂಬ ಮೂವರು ೧೯೭೭ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದರು. ಗಟ್ಟಿಯಾದ ಮಟ್ಟಸ ನೆಲಕ್ಕೆ ಅದು ಹೀಗಿದೆ. ದೇಹದ ತೂಕವನ್ನು ‘ದೇ’ ಎಂದೂ ಹೊರೆಯನ್ನು ‘ಹೊ’ ಎಂದೂ (ಎರಡೂ ಕಿಲೋಗ್ರಾಮುಗಳಲ್ಲಿ), ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗವನ್ನು ‘ವೇ’ ಎಂದೂ ಕರೆದರೆ, ವ್ಯಾಟುಗಳಲ್ಲಿ ಖರ್ಚು

೧.೫ ದೇ + ೨ (ದೇ + ಹೊ) (ಹೊ/ದೇ)² + ೧.೫ (ದೇ + ಹೊ) ವೇ²

ಇದರಲ್ಲಿ ಮೂರು ಪದಗಳಿವೆ. ಮೊದಲನೆಯದು ಬರಿದೆ ನಿಂತಿರುವುದಕ್ಕೆ ತಗಲುವ ಖರ್ಚು. ಮೂರನೆಯದು ನಡೆಯುವುದಕ್ಕೆ. ಎರಡನೆಯದರಲ್ಲಿ ವೇಗವೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ನಡೆದರೂ ನಿಂತರೂ, ಹೊರೆಯು ಮೈಮೇಲೆ ಇರುವವರೆಗೆ ತೆರಬೇಕಾದ ಸುಂಕವದು. ಅದು ಹೊರೆಯ ಮತ್ತು ದೇಹದ ನಿಷ್ಪತ್ತಿಯ ವರ್ಗಕ್ಕೆ ಅನುಗುಣವಾಗಿ ಏರುತ್ತದೆ.

ಅರುವತ್ತು ಕಿಲೋಗ್ರಾಮಿನ ಮನುಷ್ಯನು ಗಂಟೆಗೆ ನಾಲ್ಕೂವರೆ ಕಿಲೋಮೀಟರ್ ವೇಗದಲ್ಲಿ, ಎಂದರೆ ಸೆಕೆಂಡಿಗೆ ೧.೨೫ ಮೀಟರಿನಂತೆ, ಕೈಬೀಸಿಕೊಂಡು ನಡೆದರೆ ಸುಮಾರು ೨೩೧ ವ್ಯಾಟ್ ಆಗುತ್ತದೆ. ಆರು ಕಿಲೋಗ್ರಾಮ್ ಹೊತ್ತರೆ ೨೪೬. ಹನ್ನೆರಡು ಹೊತ್ತರೆ ೨೬೫. ಇಲ್ಲಿಯವರೆಗೆ ಏರಿಕೆಯು ಮೆಲ್ಲನೆ ಇದೆ. ಮೂವತ್ತಾದಾಗ ೩೪೬, ಒಂದೂವರೆ ಪಟ್ಟು. ಐವತ್ತಾದಾಗ ೫೦೦ ವ್ಯಾಟ್, ಎರಡು ಪಟ್ಟನ್ನೂ ಮೀರಿತು. ಆಟದಲ್ಲಿ ೨೨ ಕಿಲೋಗ್ರಾಮಿನವರೆಗೆ ಏನೂ ಇಲ್ಲದೆ ೨೩ಕ್ಕೆ ಥಟ್ಟನೆ ವೇಗದ ಮೂರನೆಯ ಒಂದು ಭಾಗ ಕಳೆದುಹೋಗುತ್ತದೆ. ನಿಜವಾದ ಮೈಯಲ್ಲಿ ಅಂತಹ ಮೆಟ್ಟಿಲುಗಳಿಲ್ಲ. ಮೊದಲು ಕಾಣದಷ್ಟು ಮೆಲ್ಲಗೆ, ಅನಂತರ ಕಡಿದಾಗಿ ಏರುವ ಒಂದೇ ದಿಣ್ಣೆ ಇದೆ.

ಆದರೂ ಆಟದ ಐಚ್ಛಿಕ ನಿಯಮವನ್ನು ಈ ಸೂತ್ರದಲ್ಲಿಟ್ಟು ನೋಡಿದಾಗ ನಮಗೆ ಆಶ್ಚರ್ಯವೇ ಆಯಿತು. ಆಟದ ಮೂರು ವೇಗಗಳು ಸೆಕೆಂಡಿಗೆ ಕ್ರಮವಾಗಿ ೧.೫೨, ೧.೦೨, ೦.೫೧ ಮೀಟರ್. ಬರಿಗೈಯವನು ಮೊದಲನೆಯ ವೇಗದಲ್ಲಿ ನಡೆದರೆ ಸುಮಾರು ೩೦೦ ವ್ಯಾಟ್. ಅದೇ ವೇಗದಲ್ಲಿ ೨೨ ಕಿಲೋಗ್ರಾಮ್ ಹೊತ್ತರೆ ೪೦೦. ೪೫ ಕಿಲೋಗ್ರಾಮ್ ಹೊತ್ತು ಎರಡನೆಯ ವೇಗದಲ್ಲಿ ನಡೆದರೆ ೩೭೦. ೫೦ ಕಿಲೋಗ್ರಾಮ್ ಹೊತ್ತು ಮೂರನೆಯ ವೇಗದಲ್ಲಿ ನಡೆದರೆ ೨೮೫. ಹೊರೆ ಹೆಚ್ಚಿದಷ್ಟೂ ವೇಗವನ್ನು ಇಳಿಸಿ, ಖರ್ಚನ್ನು ಹೆಚ್ಚುಕಡಿಮೆ ಒಂದೇ ಪಟ್ಟಿಯೊಳಗೆ ಇರಿಸಿದಂತಾಯಿತು. ನಿಯಮ ಮಾಡಿದವರು ಈ ಲೆಕ್ಕವನ್ನು ಮಾಡಿರಲಾರರು. ನಡೆದು ನೋಡಿದವರ ಅಂದಾಜು ಸರಿಯಾಗಿತ್ತೆಂದೇ ಹೇಳಬೇಕು. ಯಶವಂತಪುರದ ಹಮಾಲಿಯ ಸಣ್ಣ ಹೆಜ್ಜೆಗಳಲ್ಲಿಯೂ ಇದೇ ಲೆಕ್ಕವಿದೆ.

ಆಟವೂ ಪಠ್ಯಪುಸ್ತಕವೂ ಸಮಾನವಾಗಿ ಬಿಟ್ಟಿರುವುದು ಎರಡನೆಯ ಪದವನ್ನು. ಆಟದಲ್ಲಿ ಮೂಟೆ ಹೊತ್ತ ಪಾತ್ರವು ಬಾಗಿಲ ಮುಂದೆ ಅರ್ಧ ಗಂಟೆ ನಿಂತು ಚರ್ಚೆ ಮಾಡಿದರೆ ಅದಕ್ಕೆ ಯಾವ ದಂಡವೂ ಇಲ್ಲ. ಪಠ್ಯಪುಸ್ತಕದಲ್ಲಿ ನಿಂತವನ ಕೆಲಸವು ಸೊನ್ನೆಯೇ. ಸೂತ್ರದಲ್ಲಿ ವೇಗವನ್ನು ಸೊನ್ನೆ ಮಾಡಿ ನೋಡೋಣ. ಬರಿದೆ ನಿಂತ ಅರುವತ್ತು ಕಿಲೋಗ್ರಾಮಿನ ಮನುಷ್ಯನಿಗೆ ೯೦ ವ್ಯಾಟ್. ಐವತ್ತು ಕಿಲೋಗ್ರಾಮ್ ಹೊತ್ತು ನಿಂತವನಿಗೆ ೨೪೩ ವ್ಯಾಟ್. ಕೈಬೀಸಿಕೊಂಡು ನಡೆಯುವವನಿಗೆ ೨೩೧ ಎಂದು ಆಗಲೇ ಕಂಡಿದ್ದೇವೆ. ಎಂದರೆ ಚೀಲ ಹೊತ್ತು ಸುಮ್ಮನೆ ನಿಂತವನು, ಬರಿಗೈಯಲ್ಲಿ ಬೀದಿ ಸುತ್ತುವವನಿಗಿಂತ ಹೆಚ್ಚು ಶಕ್ತಿಯನ್ನು ಕಳೆಯುತ್ತಿದ್ದಾನೆ. ಮಂಡಿಯ ಬಾಗಿಲಲ್ಲಿ ದಾರಿಗಡ್ಡವಾಗಿ ಗಾಡಿ ನಿಂತಾಗ ಹಮಾಲಿಯು ಕೂಗಾಡುವುದು ಏಕೆಂಬುದು ಈಗ ತಿಳಿಯಿತಷ್ಟೆ.

ಹೊರೆ ಹೊತ್ತವನಿಗೆ ವಿಶ್ರಾಂತಿ ಎಂದರೆ ನಿಲ್ಲುವುದಲ್ಲ, ಇಳಿಸುವುದು. ಆದರೆ ಇಳಿಸುವುದರಲ್ಲಿಯೂ ಒಂದು ತೊಡಕುಂಟು. ನೆಲಕ್ಕೆ ಇಳಿಸಿದ್ದನ್ನು ಮತ್ತೆ ಎತ್ತಬೇಕು. ಐವತ್ತು ಕಿಲೋಗ್ರಾಮನ್ನು ಒಂದೂವರೆ ಮೀಟರ್ ಎತ್ತಲು ೭೩೫ ಜೌಲ್ ಕೆಲಸವಾಗುತ್ತದೆ. ಸ್ನಾಯುವಿನ ದಕ್ಷತೆಯು ಕಾಲುಭಾಗವೆಂದು ಹಿಡಿದರೂ ಖರ್ಚಾಗುವುದು ಮೂರು ಸಾವಿರ ಜೌಲಿನೊಳಗೆ. ಒಂದು ಕಿಲೋಕ್ಯಾಲೊರಿಯೂ ಇಲ್ಲ. ಕಷ್ಟವಿರುವುದು ಶಕ್ತಿಯಲ್ಲಲ್ಲ, ಬಲದಲ್ಲಿ. ಬಾಗಿ ಎತ್ತುವಾಗ ಚೀಲದ ಭಾರವು ಸೊಂಟದ ಕೀಲಿನಿಂದ ೪೦ ಸೆಂಟಿಮೀಟರ್ ಮುಂದಿದೆಯೆನ್ನೋಣ. ಆಗ ಅದು ದೇಹವನ್ನು ಮುಂದಕ್ಕೆ ಮಗುಚುವ ಪರಿಣಾಮವು ೪೯೦ ನ್ಯೂಟನ್ ಗುಣಿಸು ೦.೪ ಮೀಟರ್, ಎಂದರೆ ೧೯೬ ನ್ಯೂಟನ್-ಮೀಟರ್. ಇದನ್ನು ತಡೆಯಬೇಕಾದ ಬೆನ್ನಿನ ಸ್ನಾಯುಗಳು ಬೆನ್ನುಮೂಳೆಗೆ ತೀರ ಸಮೀಪದಲ್ಲಿ, ಸುಮಾರು ೫ ಸೆಂಟಿಮೀಟರ್ ಹಿಂದೆ, ಇವೆ. ಸನ್ನೆಯ ತತ್ತ್ವದಂತೆ ಅವು ಸುಮಾರು ೩೯೦೦ ನ್ಯೂಟನ್ ಬಲದಿಂದ ಎಳೆಯಬೇಕು. ಅಷ್ಟೂ ಬಲವು ಬೆನ್ನುಮೂಳೆಯ ಬಿಲ್ಲೆಗಳನ್ನು ಅಮುಕುತ್ತದೆ. ಹೊತ್ತ ಚೀಲದ ಎಂಟರಷ್ಟು ಭಾರವು ಮೂಳೆಯ ಮೇಲೆ! ಬೆನ್ನು ಹಿಡಿಯುವುದು ಹೊತ್ತು ನಡೆಯುವಾಗಲ್ಲ, ಎತ್ತುವ ಆ ಎರಡು ಸೆಕೆಂಡುಗಳಲ್ಲಿ. ಅದಕ್ಕಾಗಿಯೇ ಅನುಭವಿ ಹಮಾಲಿಯು ನೆಲದಿಂದ ಒಬ್ಬನೇ ಎತ್ತುವುದಿಲ್ಲ. ಇಬ್ಬರು ಎತ್ತಿಕೊಡುತ್ತಾರೆ, ಇಲ್ಲವೆ ಲಾರಿಯ ಹಲಗೆಯ ಎತ್ತರದಿಂದ ನೇರವಾಗಿ ಬೆನ್ನಿಗೆ ತೆಗೆದುಕೊಳ್ಳುತ್ತಾನೆ.

ಒಂಟಿಯಾಗಿ ದೂರದ ದಾರಿ ನಡೆಯುವವನಿಗೆ ಎತ್ತಿಕೊಡುವವರು ಯಾರು? ನಮ್ಮ ಹಿಂದಿನವರು ಇದಕ್ಕೆ ಕಲ್ಲಿನಲ್ಲಿ ಪರಿಹಾರ ಕಂಡುಹಿಡಿದಿದ್ದರು. ಹಳೆಯ ಕಾಲುದಾರಿಗಳ ಬದಿಯಲ್ಲಿ ಎರಡು ಕಂಬಗಳನ್ನು ನೆಟ್ಟು, ಮೇಲೊಂದು ಚಪ್ಪಡಿಯನ್ನು ಅಡ್ಡಲಾಗಿ ಹಾಕಿರುವುದನ್ನು ಹಳ್ಳಿಗಾಡಿನ ವಾಚಕರು ಕಂಡಿರಬಹುದು. ಅದಕ್ಕೆ ಹೊರೆಗಲ್ಲು ಎಂದು ಹೆಸರು. ತಲೆಹೊರೆಯವನು ಬಗ್ಗದೆ, ಯಾರನ್ನೂ ಕರೆಯದೆ, ತಲೆಯ ಮೇಲಿನ ಗಂಟನ್ನು ಅದರ ಮೇಲಕ್ಕೆ ಜಾರಿಸಬಹುದು. ದಣಿವಾರಿದ ಮೇಲೆ ಮತ್ತೆ ತಲೆಗೆ ಜಾರಿಸಿಕೊಳ್ಳಬಹುದು. ಸೂತ್ರದ ಭಾಷೆಯಲ್ಲಿ ಹೇಳುವುದಾದರೆ, ಅದು ಎರಡನೆಯ ಪದವನ್ನು ಸೊನ್ನೆ ಮಾಡುತ್ತದೆ, ಎತ್ತುವ ೭೩೫ ಜೌಲನ್ನೂ ೩೯೦೦ ನ್ಯೂಟನ್ನನ್ನೂ ಉಳಿಸುತ್ತದೆ. ಅದರ ಎತ್ತರವೇ ಅದರ ಗುಟ್ಟು. ಮೊಣಕಾಲೆತ್ತರದ ಜಗಲಿಯಾಗಿದ್ದರೆ ಮನುಷ್ಯನು ಕುಳಿತು ಸುಧಾರಿಸಿಕೊಳ್ಳುತ್ತಿದ್ದನು, ಹೊರೆಗೆ ಮಾತ್ರ ಪ್ರಯೋಜನವಾಗುತ್ತಿರಲಿಲ್ಲ. ದಾರಿಗಳೆಲ್ಲ ಡಾಂಬರು ಕಂಡು ಗಾಡಿ, ಬಸ್ಸುಗಳು ಓಡಿದ ಮೇಲೆ ಈ ಕಲ್ಲುಗಳಿಗೆ ಉಪಯೋಗ ತಪ್ಪಿತು. ರಸ್ತೆಯನ್ನು ಅಗಲಿಸುವಾಗ ಅವುಗಳನ್ನು ಕಿತ್ತೆಸೆಯುವುದಕ್ಕೆ ಮುಂಚೆ ಎತ್ತರವನ್ನಾದರೂ ಅಳೆದಿಡುವುದು ಒಳ್ಳೆಯದು.

ನೇಪಾಳದ ಹೊರೆಯಾಳುಗಳು ಇದೇ ಉಪಾಯವನ್ನು ಕೈಯಲ್ಲಿಯೇ ಹಿಡಿದು ತಿರುಗುತ್ತಾರೆ. ಎವರೆಸ್ಟಿನ ದಾರಿಯಲ್ಲಿರುವ ನಾಮ್ಚೆ ಎಂಬ ಊರಿಗೆ ಸಾಮಾನು ಸಾಗಿಸುವ ಇವರನ್ನು ಬಾಸ್ತ್ಯಾಂ, ಹೆಗ್ಲಂಡ್ ಮೊದಲಾದವರು ಅಳೆದು ನೋಡಿ ೨೦೦೫ರಲ್ಲಿ ವರದಿ ಮಾಡಿದರು. ಗಂಡಸರು ಹೊತ್ತಿದ್ದ ಹೊರೆಯ ಸರಾಸರಿಯು ಅವರ ದೇಹದ ತೂಕದ ಶೇಕಡ ೯೩ರಷ್ಟು! ಬೆನ್ನಿನ ಬುಟ್ಟಿಯ ಪಟ್ಟಿಯು ಹಣೆಯ ಮೇಲೆ ಹಾದಿರುತ್ತದೆ. ಕೈಯಲ್ಲಿ ‘ಟಿ’ ಅಕ್ಷರದಾಕಾರದ ಒಂದು ಗಿಡ್ಡ ಕೋಲು. ತೋಕ್ಮಾ ಎಂದು ಅದರ ಹೆಸರು. ತೀರ ನಿಧಾನವಾಗಿ ಸ್ವಲ್ಪ ದೂರ ನಡೆದು, ಬುಟ್ಟಿಯ ತಳಕ್ಕೆ ಆ ಕೋಲನ್ನು ಆನಿಸಿ, ನಿಂತಲ್ಲಿಯೇ ಭಾರವನ್ನು ನೆಲಕ್ಕೆ ವರ್ಗಾಯಿಸಿ ಉಸಿರು ತೆಗೆದುಕೊಳ್ಳುತ್ತಾರೆ. ಮತ್ತೆ ಸ್ವಲ್ಪ ದೂರ. ತೋಕ್ಮಾ ಎಂದರೆ ನಡೆದಾಡುವ ಹೊರೆಗಲ್ಲೇ ಸರಿ.

ಇಷ್ಟು ಹೇಳಿದ ಮೇಲೆ ಸೂತ್ರದ ಮಿತಿಯನ್ನೂ ಹೇಳಬೇಕು. ಅದು ಬೆನ್ನಿಗೆ ಚೀಲ ಕಟ್ಟಿದವರನ್ನು ಅಳೆದು ಮಾಡಿದ್ದು. ಹುಟ್ಟಿನಿಂದ ಹೊರೆ ಹೊತ್ತವರು ಅದಕ್ಕಿಂತ ಮಿಗಿಲಾಗಿ ನಡೆಯಬಲ್ಲರು. ಪೂರ್ವ ಆಫ್ರಿಕದ ಲುವೊ ಮತ್ತು ಕಿಕುಯು ಜನಾಂಗದ ಹೆಂಗಸರು ದೇಹದ ತೂಕದ ಐದನೆಯ ಒಂದು ಭಾಗದವರೆಗೆ ಹೊತ್ತು ನಡೆದರೂ ಅವರ ಆಮ್ಲಜನಕದ ಖರ್ಚು ಹೆಚ್ಚಲಿಲ್ಲವೆಂದು ೧೯೮೬ರಲ್ಲಿ ಪ್ರಕಟವಾಯಿತು. ನಡಿಗೆಯಲ್ಲಿ ದೇಹವು ತಲೆಕೆಳಗಾದ ಲೋಲಕದಂತೆ ತೂಗುತ್ತದೆ; ಏರುವಾಗ ವೇಗವನ್ನು ಎತ್ತರವಾಗಿಯೂ ಇಳಿಯುವಾಗ ಎತ್ತರವನ್ನು ವೇಗವಾಗಿಯೂ ಬದಲಾಯಿಸಿಕೊಳ್ಳುತ್ತದೆ. ಈ ವಿನಿಮಯದಲ್ಲಿ ನಮಗಾಗುವ ಸೋರಿಕೆಯನ್ನು ಆ ಹೆಂಗಸರು ಹೊರೆಯಿದ್ದಾಗ ಕಡಿಮೆ ಮಾಡಿಕೊಳ್ಳುತ್ತಾರೆಂದು ೧೯೯೫ರ ಮತ್ತೊಂದು ಪ್ರಯೋಗವು ತೋರಿಸಿತು. ತಲೆಯ ಮೇಲೆ ಸಿಂಬೆಯಿಟ್ಟು ಎರಡು ಬಿಂದಿಗೆ ನೀರು ತರುವ ನಮ್ಮ ಹೆಂಗಸರನ್ನೂ ಹೀಗೆ ಅಳೆದು ನೋಡಬೇಕೆಂದು ನಮಗೆ ಆಸೆಯಿದೆ.

ಹೊರುವ ರೀತಿಯಿಂದ ಎಷ್ಟು ವ್ಯತ್ಯಾಸವಾಗುತ್ತದೆಂಬುದನ್ನು ನಮ್ಮ ದೇಶದ ವಿಜ್ಞಾನಿಗಳೇ ತೋರಿಸಿದ್ದಾರೆ. ದತ್ತ ಮತ್ತು ರಾಮನಾಥನ್ ಎಂಬುವರು ೧೯೭೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ೩೦ ಕಿಲೋಗ್ರಾಮನ್ನು ಏಳು ರೀತಿಗಳಲ್ಲಿ ಹೊರಿಸಿ ಆಮ್ಲಜನಕದ ಖರ್ಚನ್ನು ಹೋಲಿಸಿದರು. ಅರ್ಧವನ್ನು ಎದೆಗೂ ಅರ್ಧವನ್ನು ಬೆನ್ನಿಗೂ ಕಟ್ಟಿದಾಗ ಖರ್ಚು ಎಲ್ಲಕ್ಕಿಂತ ಕಡಿಮೆ. ತಲೆಹೊರೆಯು ಅದಕ್ಕೆ ತೀರ ಸಮೀಪ. ಎರಡು ಕೈಗಳಲ್ಲಿ ತೂಗಾಡಿಸಿಕೊಂಡು ಹೋದಾಗ ಖರ್ಚು ಸುಮಾರು ಶೇಕಡ ೪೪ರಷ್ಟು ಹೆಚ್ಚು! ತೂಕ ಒಂದೇ, ದೂರ ಒಂದೇ. ಮೊದಲ ಎರಡು ರೀತಿಗಳಲ್ಲಿ ಹೊರೆಯ ಗುರುತ್ವಕೇಂದ್ರವು ಕಾಲುಗಳ ನೇರಕ್ಕೆ ಬೀಳುತ್ತದೆ. ದೇಹವನ್ನು ಮಗುಚುವ ಪರಿಣಾಮವಿಲ್ಲ. ಕೊನೆಯದರಲ್ಲಿ ಬೆರಳು, ಮುಂಗೈ, ಹೆಗಲುಗಳ ಸಣ್ಣ ಸ್ನಾಯುಗಳೇ ಎಲ್ಲವನ್ನೂ ಹಿಡಿದಿರಬೇಕು.

ತೂಕವೊಂದೇ ಸಾಲದೆಂಬುದು ಆಟದ ಕರ್ತೃಗಳಿಗೂ ಹೊಳೆಯದೆ ಇರಲಿಲ್ಲ. ಹಳೆಯ ಆವೃತ್ತಿಯೊಂದರಲ್ಲಿಯೇ ಹೊರೆಯ ಅಂಕಿಯೆಂದರೆ ತೂಕವೂ ಹೌದು, ಗಾತ್ರದ ತೊಡಕೂ ಹೌದು ಎಂದು ವಿವರಿಸಲಾಗಿತ್ತು. ‘ಪಾತ್‌ಫೈಂಡರ್’ ಎಂಬ ಆಟದ ೨೦೧೯ರ ಆವೃತ್ತಿಯಲ್ಲಿ ಪೌಂಡುಗಳನ್ನೇ ಬಿಟ್ಟು, ಸಾಮಾನಿಗೊಂದು ‘ಗಾತ್ರಾಂಕ’ವನ್ನು ಕೊಟ್ಟಿದ್ದಾರೆ, ಹತ್ತು ಹಗುರವಾದ ಸಾಮಾನು ಸೇರಿದರೆ ಒಂದು ಅಂಕ. ಆಟದ ಪ್ರಸಿದ್ಧವಾದ ಹತ್ತಡಿ ಕೋಲನ್ನು ತೆಗೆದುಕೊಳ್ಳೋಣ. ಅದರ ತೂಕ ೭ ಪೌಂಡ್, ಎಂದರೆ ೩.೨ ಕಿಲೋಗ್ರಾಮ್. ಅಷ್ಟೇ ತೂಕದ ಕಬ್ಬಿಣದ ಗುಂಡು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ನಡುವೆ ಹಿಡಿದು ಅಡ್ಡಲಾಗಿ ತಿರುಗಿಸುವಾಗ ಕೋಲು ಒಡ್ಡುವ ಜಡತ್ವವು (ರಾಶಿ ಗುಣಿಸು ಉದ್ದದ ವರ್ಗ, ಭಾಗಿಸು ೧೨) ಆ ಗುಂಡಿನ ಜಡತ್ವದ ಸುಮಾರು ೯೦೦ ಪಟ್ಟು. ಇಕ್ಕಟ್ಟಾದ ಸುರಂಗದಲ್ಲಿ ಕೋಲು ಹಿಡಿದವನ ಪಾಡನ್ನು ಪೌಂಡುಗಳು ಹೇಳಲಾರವು. ಆರ್.ಟಿ. ನಗರದ ಓಣಿಗಳಲ್ಲಿ ಏಣಿಯನ್ನು ಹೆಗಲ ಮೇಲಿಟ್ಟು ತಿರುವು ತೆಗೆದುಕೊಳ್ಳುವ ಬಣ್ಣ ಬಳಿಯುವವರನ್ನು ಕೇಳಿದರೆ ಅವರು ಹೇಳಿಯಾರು.

ಮತ್ತೆ ಚೀಲಕ್ಕೆ ಬರೋಣ. ಒಬ್ಬನ ಮೇಲೆ ಎಷ್ಟು ಹೊರಿಸಬಹುದೆಂಬುದು ಆಟದಲ್ಲಿ ನಿಯಮದ ಪ್ರಶ್ನೆ. ಮಂಡಿಯಲ್ಲಿ ಅದು ಬಾಳಿನ ಪ್ರಶ್ನೆ. ಧಾನ್ಯದ ವ್ಯಾಪಾರದಲ್ಲಿ ಹಿಂದೆ ಕ್ವಿಂಟಲ್ ಚೀಲ, ಎಂದರೆ ನೂರು ಕಿಲೋಗ್ರಾಮಿನ ಗೋಣಿ, ಸಾಮಾನ್ಯವಾಗಿದ್ದಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೬೭ರಲ್ಲಿ, ವಯಸ್ಕನಾದ ಗಂಡಸು ಹೊರುವ ಹೊರೆಯು ೫೫ ಕಿಲೋಗ್ರಾಮಿಗೆ ಇಳಿಯಬೇಕೆಂದು ಶಿಫಾರಸು ಮಾಡಿತು. ಈಗ ಸಿಮೆಂಟು, ಸರ್ಕಾರಿ ಧಾನ್ಯಗಳು ಐವತ್ತರ ಚೀಲಗಳಲ್ಲಿ ಬರುತ್ತವೆ. ಅಂಗಡಿಯ ಅಕ್ಕಿಗೆ ಇಪ್ಪತ್ತೈದರ ಚೀಲ ವಾಡಿಕೆ. ಸೂತ್ರದ ವರ್ಗಪದವನ್ನು ನೆನೆದರೆ ಇದರ ಅರ್ಥವು ಸ್ಪಷ್ಟವಾಗುತ್ತದೆ: ಹೊರೆಯನ್ನು ಅರ್ಧ ಮಾಡಿದರೆ ಆ ಸುಂಕವು ಕಾಲುಭಾಗಕ್ಕಿಂತಲೂ ಕೆಳಗೆ ಇಳಿಯುತ್ತದೆ. ಎರಡು ಸಲ ನಡೆಯಬೇಕಾದರೂ ಆ ಸುಂಕದ ಮಟ್ಟಿಗೆ ಹಮಾಲಿಗೆ ಲಾಭವೇ, ಕೂಲಿಯನ್ನು ಚೀಲಕ್ಕಿಷ್ಟೆಂದು ಲೆಕ್ಕ ಹಾಕಿ ಕಡಿಮೆ ಕೊಡದಿದ್ದರೆ. ಒಂದು ವಿನೋದವನ್ನೂ ಇಲ್ಲಿ ಹೇಳಬೇಕು. ೨೦೨೨ರ ಜುಲೈ ೧೮ರಿಂದ ೨೫ ಕಿಲೋಗ್ರಾಮಿನವರೆಗಿನ ಪೊಟ್ಟಣದ ಅಕ್ಕಿಗ ಜಿ.ಎಸ್.ಟಿ. ಬಿದ್ದಿತು, ಅದರಿಂದ ತಪ್ಪಿಸಿಕೊಳ್ಳಲು ಅನೇಕ ಗಿರಣಿಗಳವರು ೨೬ ಕಿಲೋಗ್ರಾಮಿನ ಚೀಲವನ್ನು ಹೊಲಿದರು. ತೆರಿಗೆಯ ಒಂದು ಗೆರೆಯಿಂದ ಹೊರುವವನ ಬೆನ್ನಿಗೆ ಒಂದು ಕಿಲೋಗ್ರಾಮ್ ಹೆಚ್ಚಾಯಿತು.

ಇನ್ನು ವಾಚಕರ ಹೆಗಲ ಮೇಲಿರುವ ಚೀಲ. ನಮ್ಮ ರಾಜ್ಯದ ಶಿಕ್ಷಣ ಇಲಾಖೆಯು ೨೦೧೯ರಲ್ಲಿ ಶಾಲಾಚೀಲದ ಮಿತಿಯನ್ನು ಗೊತ್ತುಮಾಡಿತು: ಒಂದು, ಎರಡನೆಯ ತರಗತಿಗಳಿಗೆ ಒಂದೂವರೆಯಿಂದ ಎರಡು ಕಿಲೋಗ್ರಾಮ್, ಐದನೆಯದರವರೆಗೆ ಎರಡರಿಂದ ಮೂರು, ಎಂಟನೆಯದರವರೆಗೆ ಮೂರರಿಂದ ನಾಲ್ಕು, ಒಂಬತ್ತು, ಹತ್ತಕ್ಕೆ ನಾಲ್ಕರಿಂದ ಐದು. ಸೂತ್ರವನ್ನು ಇಲ್ಲಿಗೆ ಅನ್ವಯಿಸಿದರೆ ಸಣ್ಣ ನಿರಾಶೆಯಾಗುತ್ತದೆ. ಐವತ್ತು ಕಿಲೋಗ್ರಾಮಿನ ವಿದ್ಯಾರ್ಥಿಯು ಎಂಟು ಕಿಲೋಗ್ರಾಮಿನ ಚೀಲ ಹೊತ್ತು ಯಲಹಂಕದಿಂದ ಮೆಜೆಸ್ಟಿಕ್ಕಿನವರೆಗೆ ಬಸ್ಸಿನಲ್ಲಿ ನಿಂತು ಹೋದರೆ ಎರಡನೆಯ ಪದವು ಮೂರೇ ವ್ಯಾಟ್. ಹಾಗಾದರೆ ಹೆಬ್ಬಾಳದ ಮೇಲ್ಸೇತುವೆ ದಾಟುವುದರೊಳಗೆ ಹೆಗಲು ನೋಯುವುದೇಕೆ? ಶಕ್ತಿಯ ಲೆಕ್ಕದಲ್ಲಿ ಇದಕ್ಕೆ ಉತ್ತರವಿಲ್ಲ, ಒತ್ತಡದ ಲೆಕ್ಕದಲ್ಲಿದೆ. ಐದು ಸೆಂಟಿಮೀಟರ್ ಅಗಲದ ಎರಡು ಪಟ್ಟಿಗಳು ಹನ್ನೆರಡು ಸೆಂಟಿಮೀಟರ್ ಉದ್ದಕ್ಕೆ ಹೆಗಲನ್ನು ಮುಟ್ಟಿದರೆ ಚದರ ಸೆಂಟಿಮೀಟರಿಗೆ ಬೀಳುವುದು ೦.೬೫ ನ್ಯೂಟನ್. ಎರಡು ಸೆಂಟಿಮೀಟರಿನ ಒಂದೇ ಪಟ್ಟಿಯನ್ನು ಒಂದು ಹೆಗಲಿಗೆ ತಗುಲಿಸಿಕೊಂಡರೆ ಐದು ಪಟ್ಟು. ಅಷ್ಟು ಒತ್ತಡದಲ್ಲಿ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಅದುಮಿಹೋಗುತ್ತವೆ. ಚೀಲದ ಗುರುತ್ವಕೇಂದ್ರವು ಬೆನ್ನುಮೂಳೆಯಿಂದ ೨೦ ಸೆಂಟಿಮೀಟರ್ ಹಿಂದಿದ್ದರೆ ಹಿಂದಕ್ಕೆಳೆಯುವ ಪರಿಣಾಮವು ಸುಮಾರು ೧೬ ನ್ಯೂಟನ್-ಮೀಟರ್. ದಪ್ಪ ಪುಸ್ತಕಗಳನ್ನು ಬೆನ್ನಿಗೆ ತಾಗುವಂತೆ ಜೋಡಿಸಿ ಅದನ್ನು ೧೨ ಸೆಂಟಿಮೀಟರಿಗೆ ತಂದರೆ ೯.೪. ಒಂದು ಗ್ರಾಮೂ ಕಡಿಮೆಯಾಗಿಲ್ಲ, ಎಳೆತವು ಐದರಲ್ಲಿ ಎರಡು ಭಾಗ ಇಳಿಯಿತು. ನಮ್ಮ ಬಸ್ಸುಗಳಲ್ಲಿ ಕುಳಿತವರು ನಿಂತ ಮಕ್ಕಳ ಚೀಲವನ್ನು ಕೇಳದೆಯೇ ತೊಡೆಯ ಮೇಲೆ ತೆಗೆದುಕೊಳ್ಳುವ ಪದ್ಧತಿಯುಂಟು. ಹೊರೆಗಲ್ಲಿನ ಧರ್ಮವು ಅಷ್ಟರಮಟ್ಟಿಗೆ ಉಳಿದಿದೆ.

ಈ ಆಟವನ್ನು ನಡೆಸುವ ವಿದ್ಯಾರ್ಥಿಗಳು ಇದ್ದರೆ ಅವರಿಗೆ ನಮ್ಮ ಸೂಚನೆ ಇದು. ಪೌಂಡುಗಳನ್ನು ಕೂಡುತ್ತ ಕೂರಬೇಡಿ. ದೇಹದ ತೂಕದ ಹತ್ತನೆಯ ಒಂದು ಭಾಗದವರೆಗೆ ಲೆಕ್ಕವನ್ನೇ ಬಿಡಿ. ಅರ್ಧದವರೆಗೆ ವೇಗವನ್ನು ಸ್ವಲ್ಪ ಇಳಿಸಿ. ಅದನ್ನು ಮೀರಿದವನು ನಿಂತರೂ ದಣಿಯುತ್ತಾನೆಂದು ಇಟ್ಟುಕೊಳ್ಳಿ. ಅವನು ಹೊರೆಯನ್ನು ಇಳಿಸಲೇಬೇಕು. ಮತ್ತೆ ಎತ್ತಿಕೊಳ್ಳುವಾಗ ಜೊತೆಗಾರನಿಲ್ಲದಿದ್ದರೆ ದಾಳ ಉರುಳಿಸಲಿ. ನೆಲಮಾಳಿಗೆಯ ಗೋಡೆಯಲ್ಲಿ ಎದೆಯೆತ್ತರದ ಒಂದು ಗೂಡನ್ನು ಇಟ್ಟುನೋಡಿ, ಆಟಗಾರರು ಅದರ ಬೆಲೆಯನ್ನು ಬೇಗನೆ ಕಂಡುಕೊಳ್ಳುತ್ತಾರೆ.

ಆಟವಾಡದವರು ಈ ಪ್ರಯೋಗವನ್ನು ಮಾಡಬಹುದು. ಸ್ಪ್ರಿಂಗ್ ತ್ರಾಸಿನಿಂದ ನಿಮ್ಮ ಚೀಲವನ್ನು ತೂಗಿ, ದೇಹದ ತೂಕದ ಎಷ್ಟನೆಯ ಭಾಗವೆಂದು ಕಂಡುಹಿಡಿಯಿರಿ. ಐದು ನಿಮಿಷ ಸುಮ್ಮನೆ ಕುಳಿತು, ಎದ್ದು ನಿಂತು, ಒಂದು ನಿಮಿಷದ ನಾಡಿಬಡಿತವನ್ನು ಎಣಿಸಿ. ಚೀಲವನ್ನು ಎರಡು ಹೆಗಲಿಗೂ ಹಾಕಿಕೊಂಡು ಹತ್ತು ನಿಮಿಷ ನಿಂತು ಎಣಿಸಿ. ಅದೇ ಚೀಲವನ್ನು ಒಂದು ಕೈಯಲ್ಲಿ ತೂಗುಹಾಕಿಕೊಂಡು ಹತ್ತು ನಿಮಿಷ ನಿಂತು ಮತ್ತೆ ಎಣಿಸಿ. ನಡುನಡುವೆ ಸಾಕಷ್ಟು ವಿಶ್ರಾಂತಿ ಇರಲಿ. ದೇಹದ ತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಈ ಪ್ರಯೋಗಕ್ಕೆ ಬಳಸಬಾರದು, ನೆಲದಿಂದ ಎತ್ತುವಾಗ ಮೊಣಕಾಲು ಮಡಿಸಿ ಚೀಲವನ್ನು ಮೈಗೆ ಹತ್ತಿರ ಹಿಡಿದು ಎತ್ತಬೇಕು. ತರಗತಿಯ ಹತ್ತು ಮಂದಿ ಸೇರಿ ಮಾಡಿದರೆ, ಒಬ್ಬೊಬ್ಬರ ಮೂರು ಅಂಕಿಗಳನ್ನೂ ಒಂದೇ ನಕ್ಷೆಯ ಹಾಳೆಯಲ್ಲಿ ಗುರುತಿಸಬಹುದು.